ಹಳೆಯ ರೇಕ್ ಕೊಳ್ಳುವುದಾದರೆ ಮೊದಲು ಹಲ್ಲು ಎಣಿಸಿ



ಎತ್ತು ಕೊಳ್ಳಲು ಜಾತ್ರೆಗೆ ಹೋದಾಗ ನಮ್ಮ ಹಿರಿಯರು ಮೊದಲು ನೋಡುತ್ತಿದ್ದುದು ಏನನ್ನು? ಕೊಂಬಿಗೆ ಬಳಿದ ಬಣ್ಣವನ್ನಲ್ಲ, ಕೊರಳಿಗೆ ಕಟ್ಟಿದ ಗೆಜ್ಜೆಯನ್ನೂ ಅಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂಬುದು ಖಚಿತವಾದ ಮೇಲೆಯೇ ಗೊರಸು, ಸುಳಿ, ನಡಿಗೆಗಳ ಪರೀಕ್ಷೆ. ಕಟ್ಟಕಡೆಗೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಮಾರುವವನ ಬಾಯಿಮಾತಿಗಿಂತ ಎತ್ತಿನ ಬಾಯಿಯೇ ಹೆಚ್ಚು ನಿಜ ಹೇಳುತ್ತದೆಂದು ಅವರು ನಂಬಿದ್ದರು.

ಇಂದು ಎತ್ತಿನ ಜಾಗಕ್ಕೆ ಟ್ರಾಕ್ಟರ್ ಬಂದಿದೆ. ಟ್ರಾಕ್ಟರಿನ ಹಿಂದೆ ಕಟ್ಟುವ ಹತ್ತಾರು ಉಪಕರಣಗಳೂ ಬಂದಿವೆ. ಅವುಗಳಲ್ಲಿ ಹಳೆಯವು ಕೈಯಿಂದ ಕೈಗೆ ದಾಟುತ್ತಿವೆ. ಆದರೆ ಹಿರಿಯರ ಆ ಪರೀಕ್ಷೆಯ ಬುದ್ಧಿಯನ್ನು ನಾವು ಜಾತ್ರೆಯಲ್ಲೇ ಬಿಟ್ಟುಬಂದಂತೆ ಕಾಣುತ್ತದೆ. ಮೊಬೈಲಿನಲ್ಲಿ ಬಂದ ಚಿತ್ರ ನೋಡಿ, ಹೊಸ ಬಣ್ಣಕ್ಕೆ ಮರುಳಾಗಿ ಮುಂಗಡ ಕಳಿಸುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಹಾಗೆ ಮೋಸಹೋದವರಲ್ಲಿ ನಾನೂ ಒಬ್ಬ. ಆದ್ದರಿಂದಲೇ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಾನು ಹೇಳಹೊರಟಿರುವುದು ಹುಲ್ಲನ್ನು ಗುಡಿಸಿ ಸಾಲುಗೂಡಿಸುವ ಯಂತ್ರದ ವಿಚಾರ. ನಮ್ಮ ಟ್ರಾಕ್ಟರ್ ಹುಡುಗರು ಇದನ್ನು ‘ರೇಕ್’ ಎನ್ನುತ್ತಾರೆ. ಹಳೆಯ ರೇಕ್ ಕೊಳ್ಳುವುದು ತಪ್ಪಲ್ಲ, ಸಣ್ಣ ರೈತನಿಗೆ ಅನೇಕ ವೇಳೆ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ. ಆದರೆ ಹಲ್ಲು ಎಣಿಸದೆ ಕೊಂಡ ರೇಕ್ ಕಿಸೆಗೆ ಕುತ್ತು. ಹಲ್ಲು ಎಣಿಸದೆ ಗದ್ದೆಗೆ ಇಳಿಸಿದ ರೇಕ್ ಕೊಟ್ಟಿಗೆಗೆ ಕುತ್ತು. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡ ಕುತ್ತು.

ರೇಕ್ ನಮಗೆ ಏಕೆ ಬೇಕಾಯಿತು?

ಕುಡುಗೋಲಿನಲ್ಲಿ ಕೊಯ್ದು, ಕಣದಲ್ಲಿ ಬಡಿದು, ಹೊರೆ ಕಟ್ಟಿ ಬಣವೆ ಒಟ್ಟುತ್ತಿದ್ದ ಕಾಲದಲ್ಲಿ ಈ ಯಂತ್ರದ ಅಗತ್ಯವೇ ಇರಲಿಲ್ಲ. ಭದ್ರಾ, ತುಂಗಭದ್ರಾ, ಕಾವೇರಿ ಅಚ್ಚುಕಟ್ಟುಗಳಲ್ಲಿ ಕಟಾವು ಯಂತ್ರ ಬಂದಮೇಲೆ ಸ್ಥಿತಿ ಬದಲಾಯಿತು. ಯಂತ್ರ ಕಾಳನ್ನು ಚೀಲಕ್ಕೆ ಕೊಡುತ್ತದೆ, ಹುಲ್ಲನ್ನು ಗದ್ದೆಯಲ್ಲೇ ಚೆಲ್ಲುತ್ತದೆ. ಎಕರೆಗೆ 20 ಕ್ವಿಂಟಲ್ ಭತ್ತ ಬಂದರೆ ಹೆಚ್ಚೂಕಡಿಮೆ ಅಷ್ಟೇ ತೂಕದ ಹುಲ್ಲೂ ಇರುತ್ತದೆ. ಅದರಲ್ಲಿ ಒಂದು ಪಾಲು ಕೂಳೆಯಾಗಿ ನಿಲ್ಲುತ್ತದೆ, ಉಳಿದದ್ದು ಸಡಿಲವಾಗಿ ಬಿದ್ದಿರುತ್ತದೆ. ಕೂಲಿ ಆಳು ಸಿಕ್ಕುವುದಿಲ್ಲ, ಸಿಕ್ಕರೂ ಕೂಲಿ ಗಿಟ್ಟುವುದಿಲ್ಲ. ಮುಂದಿನ ಬೆಳೆಗೆ ನೀರು ಬಿಡುವ ದಿನ ಹತ್ತಿರವಾಗುತ್ತದೆ. ಆಗ ಕೈ ಬೆಂಕಿಪೆಟ್ಟಿಗೆಯ ಕಡೆಗೆ ಹೋಗುತ್ತದೆ.

ಈ ಬೆಂಕಿಯಲ್ಲಿ ಏನು ಹೋಗುತ್ತದೆಂಬುದನ್ನು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 5.5 ಕಿಲೋ ಸಾರಜನಕ, 2.3 ಕಿಲೋ ರಂಜಕ, 25 ಕಿಲೋ ಪೊಟ್ಯಾಷ್ ಮತ್ತು 1.2 ಕಿಲೋ ಗಂಧಕ ಇರುತ್ತವೆ. ಸುಟ್ಟಾಗ ಸಾರಜನಕ ಬಹುತೇಕ ಗಾಳಿಗೆ ಹೋಗುತ್ತದೆ. ಪೊಟ್ಯಾಷ್ ಬೂದಿಯಲ್ಲಿ ಉಳಿದರೂ ಆ ಬೂದಿ ಗಾಳಿಗೆ ಹಾರಿ, ನೀರಿಗೆ ತೇಲಿ, ಬೇಕಾದೆಡೆ ನಿಲ್ಲುವುದಿಲ್ಲ. ಮೇವಿನ ನಷ್ಟ ಬೇರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಅಂತಹ ವರ್ಷದಲ್ಲಿ ಒಂದು ಹೊರೆ ಹುಲ್ಲಿನ ಬೆಲೆ ಏನೆಂಬುದನ್ನು ದನ ಸಾಕುವವರಿಗೆ ನಾನು ಹೇಳಬೇಕಾಗಿಲ್ಲ.

ಪೆಂಡಿ ಕಟ್ಟುವ ಯಂತ್ರ ಈಗ ಬಾಡಿಗೆಗೆ ಸಿಕ್ಕುತ್ತದೆ. ಕಟಾವು ಯಂತ್ರ ಬಿಟ್ಟ ಹುಲ್ಲಿನ ಸಾಲು ದಪ್ಪವಾಗಿ, ನೇರವಾಗಿ, ಒಣಗಿ ಬಿದ್ದಿದ್ದರೆ ಪೆಂಡಿ ಯಂತ್ರ ನೇರವಾಗಿ ಅದರ ಮೇಲೆ ಹೋಗಬಹುದು. ಅಂತಹ ಗದ್ದೆಗೆ ರೇಕ್ ಬೇಕಿಲ್ಲ. ಆದರೆ ಸಾಲು ತೆಳುವಾಗಿದ್ದರೆ, ದನ ತುಳಿದು ಚೆದುರಿಸಿದ್ದರೆ, ಅಕಾಲದ ಮಳೆ ಬಿದ್ದು ಸಾಲಿನ ಅಡಿಭಾಗ ಹಸಿಯಾಗಿ ಉಳಿದಿದ್ದರೆ, ಹುಲ್ಲನ್ನು ಮಗುಚಿ ಎರಡು ಮೂರು ಸಾಲನ್ನು ಒಂದು ಮಾಡುವ ಸಾಧನ ಬೇಕೇ ಬೇಕು. ಬೇಸಿಗೆ ಬೆಳೆಯ ಕೊಯಿಲಿನಲ್ಲಿ ಮುಂಗಾರಿಗೆ ಮುಂಚಿನ ಮಳೆ ನಮ್ಮನ್ನು ಕಾಡುವಾಗ, ಸಕಾಲಕ್ಕೆ ರೇಕ್ ಸಿಕ್ಕಿದವನ ಹುಲ್ಲು ಮೇವಾಗುತ್ತದೆ. ಸಿಕ್ಕದವನ ಹುಲ್ಲು ಕೊಳೆಯುತ್ತದೆ ಅಥವಾ ಬೂದಿಯಾಗುತ್ತದೆ. ಸೊಪ್ಪಿನ ಮೇವು ಬೆಳೆದು ಒಣಗಿಸುವವರಿಗೂ ಇದು ಉಪಯುಕ್ತ.

ನನ್ನ ಅನುಭವ

ಕೆಲವು ವರ್ಷಗಳ ಹಿಂದೆ ನಾನು ನಾಲ್ಕು ಚಕ್ರದ ಒಂದು ಹಳೆಯ ರೇಕ್ ತಂದೆ. ಮಾರಿದವರ ಹೆಸರು ಇಲ್ಲಿ ಬೇಡ. ಕೆಂಪು ಬಣ್ಣ ಆಗತಾನೇ ಬಳಿದಿತ್ತು. ಬೆಲೆ ಅಗ್ಗವೆನಿಸಿತು. ಚಕ್ರಗಳು ತಿರುಗುತ್ತವೆಯೇ ಎಂದು ಕೈಯಿಂದ ಒಮ್ಮೆ ತಿರುಗಿಸಿ ನೋಡಿ ಹಣ ಎಣಿಸಿಕೊಟ್ಟೆ. ಹಣ ಎಣಿಸಿದೆನೇ ಹೊರತು ಹಲ್ಲು ಎಣಿಸಲಿಲ್ಲ.

ಮನೆಗೆ ತಂದ ಮೇಲೆ ನೋಡಿದರೆ ಹದಿನೈದಕ್ಕೂ ಹೆಚ್ಚು ಹಲ್ಲುಗಳು ಬುಡದಲ್ಲಿ ಸಡಿಲವಾಗಿದ್ದವು. ಅವನ್ನು ಕಟ್ಟುವ ತಂತಿಯಿಂದ ಬಿಗಿದು, ಮೇಲೆ ಬಣ್ಣ ಬಳಿದಿದ್ದರು. ಕೊಯಿಲು ಮುಗಿದಿತ್ತು, ಮೋಡ ಕಟ್ಟುತ್ತಿತ್ತು. ‘ಈ ಒಂದು ಸಲ ನಡೆಯಲಿ, ಆಮೇಲೆ ಸರಿಪಡಿಸೋಣ’ ಎಂದು ಗದ್ದೆಗೆ ಇಳಿಸಿದೆ. ಎರಡು ದಿನದಲ್ಲಿ ಕೆಲಸ ಮುಗಿಯಿತು, ಹುಲ್ಲು ಪೆಂಡಿಯಾಯಿತು. ಆಗ ರೇಕನ್ನು ತೊಳೆದು ನೋಡಿದಾಗ ಐದಾರು ಕಡೆ ತಂತಿ ಇರಲಿಲ್ಲ. ಎಲ್ಲಿ ಬಿತ್ತೋ ಎಂದುಕೊಂಡು ಸುಮ್ಮನಾದೆ.

ನಮ್ಮ ಓಣಿಯಲ್ಲಿ ಒಂದೇ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಸಂಸಾರ ಮಾಡುವ ಹೆಂಗಸೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುವುದು. ನನ್ನಿಂದ ಹತ್ತು ಪೆಂಡಿ ಹುಲ್ಲು ಕೊಂಡರು. ತಿಂಗಳು ಕಳೆಯುವುದರೊಳಗೆ ಏಳು ತಿಂಗಳ ಗಬ್ಬದ ಆ ಹಸು ಮೇವು ಬಿಟ್ಟಿತು. ಬೆನ್ನು ಗೂನು ಮಾಡಿ, ಮುಂಗಾಲು ಅಗಲಿಸಿ ನಿಂತು ನರಳುತ್ತಿತ್ತು. ಇಳಿಜಾರಿನಲ್ಲಿ ಇಳಿಯಲು ಒಪ್ಪುತ್ತಿರಲಿಲ್ಲ. ಗಂಗೆದೊಗಲಿನಲ್ಲಿ ಬಾವು ಇಳಿಯಿತು. ಪಶುವೈದ್ಯರು ಬಂದು ನೋಡಿ, ಹೊಟ್ಟೆಯಲ್ಲಿ ಕಬ್ಬಿಣ ಸೇರಿ ಹೃದಯದವರೆಗೆ ಹೋಗಿರಬೇಕು, ಶಸ್ತ್ರಚಿಕಿತ್ಸೆಯ ಕಾಲ ಮೀರಿದೆ ಎಂದರು. ನಾಲ್ಕನೆಯ ದಿನ ಹಸು ಸತ್ತಿತು. ಕೊಯ್ದು ನೋಡಿದಾಗ ಬೆರಳುದ್ದದ ತಂತಿ ಸಿಕ್ಕಿತು.

ಆ ತಂತಿ ನನ್ನ ರೇಕಿನದೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಅಲ್ಲವೆಂದೂ ಹೇಳಲಾರೆ. ಅಕ್ಕ ನನ್ನನ್ನು ಬೈಯಲಿಲ್ಲ. ‘ನಿನ್ನನ್ನೇನೂ ಅನ್ನಲ್ಲ ಕಣಪ್ಪ. ಆದ್ರೆ ತಂತಿ ಬಿಗಿದ ಯಂತ್ರಾನ ಇನ್ನು ಯಾರ ಗದ್ದೆಗೂ ಇಳಿಸಬೇಡ’ ಎಂದರು. ಬೈದಿದ್ದರೆ ಸಹಿಸಬಹುದಿತ್ತು.

ದನಗಳು ನಮ್ಮಂತೆ ಆರಿಸಿ ತಿನ್ನುವುದಿಲ್ಲ. ನಾಲಗೆಯಿಂದ ಸುತ್ತಿ ಎಳೆದು, ಅರೆಬರೆ ಅಗಿದು ನುಂಗುತ್ತವೆ. ನುಂಗಿದ ಮೊಳೆ, ತಂತಿಗಳು ತೂಕಕ್ಕೆ ಜೇನುಗೂಡಿನಂತಹ ಎರಡನೆಯ ಹೊಟ್ಟೆಯಲ್ಲಿ ತಂಗುತ್ತವೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆ ಮಾತ್ರ. ಹೊಟ್ಟೆ ಹಿಂಡಿದಂತೆಲ್ಲ ಚೂಪಾದ ತುದಿ ಮುಂದಕ್ಕೆ ಸರಿಯುತ್ತದೆ. ಗಬ್ಬದ ಭಾರ ಹೆಚ್ಚಿದಾಗ ಈ ಅಪಾಯವೂ ಹೆಚ್ಚು. ಹೀಗಾಗಿ ರೇಕಿನ ಹಲ್ಲಿನ ಪ್ರಶ್ನೆ ಬರೀ ಯಂತ್ರದ ಪ್ರಶ್ನೆಯಲ್ಲ.

ಹಾಗಾದರೆ ಹಳೆಯದು ಬೇಡವೇ?

ಬೇಡವೆಂದು ನಾನು ಹೇಳುವುದಿಲ್ಲ. ಅದೇ ರೇಕನ್ನು ಸರಿಪಡಿಸಿ ನಾನು ಇಂದಿಗೂ ಬಳಸುತ್ತಿದ್ದೇನೆ. ಹಳೆಯ ಟ್ರಾಕ್ಟರ್ ಕೊಂಡರೆ ಅದರ ಇಂಜಿನ್ನಿನೊಳಗೆ ಏನಿದೆಯೆಂದು ಹೊರಗಿನಿಂದ ಕಾಣುವುದಿಲ್ಲ. ಚಕ್ರದ ರೇಕಿನಲ್ಲಿ ಮರೆಯಾಗಿರುವ ಭಾಗವೇ ಕಡಿಮೆ. ಒಂದು ಚೌಕಟ್ಟು, ಓರೆಯಾಗಿ ನಿಂತ ನಾಲ್ಕೈದು ಹಲ್ಲುಚಕ್ರಗಳು, ಚಕ್ರಕ್ಕೊಂದು ತೋಳು, ತೋಳಿಗೊಂದು ಸ್ಪ್ರಿಂಗ್, ಗುಂಬದಲ್ಲಿ ಬೇರಿಂಗ್, ಇಷ್ಟೇ. ಗೇರ್ ಪೆಟ್ಟಿಗೆಯಿಲ್ಲ, ಟ್ರಾಕ್ಟರಿನಿಂದ ತಿರುಗುವ ಶಾಫ್ಟಿಲ್ಲ. ನೆಲಕ್ಕೆ ಹಗುರಾಗಿ ತಾಗಿದ ಹಲ್ಲುಚಕ್ರ ಟ್ರಾಕ್ಟರ್ ಮುಂದೆ ಹೋದಂತೆ ತಾನೇ ತಿರುಗಿ, ಹುಲ್ಲನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುತ್ತಾ ಪಕ್ಕಕ್ಕೆ ಸಾಲು ಹಾಕುತ್ತದೆ. ಕಣ್ಣು ಮತ್ತು ಕೈ ಎರಡೂ ನೆಟ್ಟಗಿರುವ ಯಾವ ರೈತನಾದರೂ ಇದರ ದೋಷಗಳನ್ನು ಅರ್ಧ ಗಂಟೆಯಲ್ಲಿ ಕಂಡುಹಿಡಿಯಬಹುದು.

ಇನ್ನೊಂದು ಮಾತು. ಹಾಲೆಂಡ್ ದೇಶದ ಲೆಲಿ ಸೋದರರು ಈ ಬಗೆಯ ಚಕ್ರದ ರೇಕನ್ನು ತಯಾರಿಸಿ ಮಾರಾಟಕ್ಕೆ ತಂದದ್ದು 1948ರ ಸುಮಾರಿಗೆ. ಅಂದಿನಿಂದ ಇಂದಿನವರೆಗೆ ಇದರ ಮೂಲ ತತ್ತ್ವ ಬದಲಾಗಿಲ್ಲ. ಹತ್ತು ವರ್ಷ ಹಳೆಯದೆಂಬ ಮಾತ್ರಕ್ಕೆ ಇದು ಕೆಲಸಕ್ಕೆ ಬಾರದ ಯಂತ್ರವಾಗುವುದಿಲ್ಲ. ಸವೆದ ಭಾಗ ಬದಲಾಯಿಸಿದರೆ ಹೊಸದು ಮಾಡುವ ಕೆಲಸವನ್ನೇ ಮಾಡುತ್ತದೆ.

ಶಾಫ್ಟಿನಿಂದ ತಿರುಗುವ ರೋಟರಿ ರೇಕ್ ಸಾಲು ಹಾಕುವುದರಲ್ಲಿ ಇದಕ್ಕಿಂತ ಮೇಲು. ಉದ್ದವಾದ, ಭಾರವಾದ ಹುಲ್ಲನ್ನೂ ಹಗ್ಗದಂತೆ ಹೊಸೆಯದೆ ಸಡಿಲವಾಗಿ ಹಾಕುತ್ತದೆ, ಮಣ್ಣನ್ನೂ ಕಡಿಮೆ ಬೆರೆಸುತ್ತದೆ. ಆದರೆ ಅದರ ಗೇರ್ ಪೆಟ್ಟಿಗೆ, ಹಲ್ಲಿನ ತೋಳುಗಳನ್ನು ಎತ್ತಿ ಇಳಿಸುವ ಉರುಳೆಗಳು, ಅವು ಓಡುವ ದಾರಿ, ಎಲ್ಲ ಒಳಗೆ ಮುಚ್ಚಿರುತ್ತವೆ. ಸವೆದಿದ್ದರೆ ದುರಸ್ತಿ ದುಬಾರಿ. ಬಲ್ಲ ಮೆಕ್ಯಾನಿಕ್ ಜೊತೆಗಿಲ್ಲದೆ ಹಳೆಯ ರೋಟರಿ ರೇಕಿಗೆ ಕೈಹಾಕಬೇಡಿ. ಮೊದಲ ಬಾರಿಗೆ ಹಳೆಯ ಮಾಲು ಕೊಳ್ಳುವವರು ಚಕ್ರದ ರೇಕನ್ನೇ ಆರಿಸಿಕೊಳ್ಳುವುದು ಲೇಸು.

ಕೊಳ್ಳುವಾಗ ನೋಡಬೇಕಾದ ಅಂಶಗಳು

1. ಹಲ್ಲು: ಒಂದು ಚಕ್ರದಲ್ಲಿ ಸಾಮಾನ್ಯವಾಗಿ 40ರ ಆಸುಪಾಸು ಹಲ್ಲುಗಳಿರುತ್ತವೆ. ಒಂದೊಂದನ್ನೂ ಕೈಯಲ್ಲಿ ಹಿಡಿದು ಅಲುಗಿಸಿ ಎಣಿಸಿ. ಇಲ್ಲದವು ಎಷ್ಟು, ಬಾಗಿದವು ಎಷ್ಟು, ಸಡಿಲವಾದವು ಎಷ್ಟು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ತಂತಿ ಕಟ್ಟಿದ ಹಲ್ಲನ್ನು ಇಲ್ಲದ ಹಲ್ಲೆಂದೇ ಲೆಕ್ಕ ಹಿಡಿಯಿರಿ. ಹತ್ತರಲ್ಲಿ ಎರಡಕ್ಕಿಂತ ಹೆಚ್ಚು ಕೆಟ್ಟಿದ್ದರೆ ಎಲ್ಲ ಹಲ್ಲು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

2. ಬೆಸುಗೆ ಹಾಕಿದ ಹಲ್ಲು: ಹಲ್ಲನ್ನು ಮಾಡುವುದು ಹದಗೊಳಿಸಿದ ಸ್ಪ್ರಿಂಗ್ ಉಕ್ಕಿನಿಂದ. ಬೆಸುಗೆಯ ಶಾಖಕ್ಕೆ ಹದ ಕೆಟ್ಟು, ಬೆಸುಗೆಯ ಪಕ್ಕದಲ್ಲೇ ಅದು ಮುರಿಯುತ್ತದೆ. ಕುಲುಮೆಯಲ್ಲಿ ಕಾಯಿಸಿ ನೆಟ್ಟಗೆ ಮಾಡಿದ ಹಲ್ಲೂ ಅಷ್ಟೆ. ಮನೆ ಕಟ್ಟುವ ಕಬ್ಬಿಣದ ಸರಳನ್ನು ತುಂಡುಮಾಡಿ ಸಿಕ್ಕಿಸಿದ್ದರೆ ಅದು ಬಾಗುತ್ತದೆಯೇ ಹೊರತು ಪುಟಿಯುವುದಿಲ್ಲ.

3. ಬಿಡಿಭಾಗ: ಒಂದು ಹಲ್ಲನ್ನು ಬಿಚ್ಚಿಕೊಂಡು ಬಿಡಿಭಾಗದ ಅಂಗಡಿಗೆ ಹೋಗಿ. ಅದೇ ದಪ್ಪದ, ಅದೇ ತಿರುವಿನ ಹಲ್ಲು ಸಿಕ್ಕಿದರೆ ಮಾತ್ರ ವ್ಯಾಪಾರ ಮುಂದುವರಿಸಿ. ಹಲ್ಲು ಸಿಕ್ಕದ ರೇಕ್ ಎಷ್ಟು ಅಗ್ಗವಾದರೂ ಅದು ಗುಜರಿಯೇ.

4. ಚಕ್ರ: ಚಕ್ರವನ್ನು ನೆಲದಿಂದ ಎತ್ತಿ, ಅಂಚಿನ ಪಕ್ಕದಲ್ಲಿ ಒಂದು ಕೋಲು ನೆಟ್ಟು ನಿಧಾನವಾಗಿ ತಿರುಗಿಸಿ. ಕೋಲಿಗೂ ಅಂಚಿಗೂ ನಡುವಿನ ಸಂದು ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗಿದರೆ ಚಕ್ರ ಸೊಟ್ಟಗಾಗಿದೆಯೆಂದು ತಿಳಿಯಿರಿ. ಗಾಡಿಯ ಚಕ್ರ ನೋಡುವ ಕ್ರಮವೇ ಇದು. ಆಮೇಲೆ ಮೇಲಂಚು ಕೆಳಂಚು ಹಿಡಿದು ಜಗ್ಗಿ. ಕಟಕಟ ಎಂದರೆ ಬೇರಿಂಗ್ ಹೋಗಿದೆ.

5. ಚೌಕಟ್ಟು: ಟ್ರಾಕ್ಟರಿಗೆ ಕೂಡುವ ಮೂರು ಬಿಂದುಗಳ ಹತ್ತಿರ ಮತ್ತು ತೋಳಿನ ಬುಡದಲ್ಲಿ ಬಣ್ಣವನ್ನು ಬೀಗದ ಕೈಯಿಂದ ಕೆರೆದು ನೋಡಿ. ಕೂದಲೆಳೆಯಂತಹ ತುಕ್ಕಿನ ಗೆರೆ ಕಂಡರೆ ಅದು ಬಿರುಕು. ಬೆಸುಗೆಯ ಮೇಲೆ ಬೆಸುಗೆ ಕಂಡರೆ ಅದೇ ಜಾಗ ಹಿಂದೆಯೂ ಮುರಿದಿತ್ತೆಂದು ಅರ್ಥ. ಹೊಸ ಬಣ್ಣ ಬಳಿದ ರೇಕಿಗಿಂತ ತುಕ್ಕು ಹಿಡಿದ ರೇಕ್ ಹೆಚ್ಚು ಪ್ರಾಮಾಣಿಕ.

6. ಸ್ಪ್ರಿಂಗ್ ಮತ್ತು ತೋಳು: ಪ್ರತಿ ಚಕ್ರವನ್ನೂ ಕೈಯಿಂದ ಎತ್ತಿ ಬಿಡಿ. ಎಲ್ಲವೂ ಒಂದೇ ಶ್ರಮಕ್ಕೆ ಏಳಬೇಕು. ಒಂದು ಹಗುರ, ಒಂದು ಭಾರವಾದರೆ ಗದ್ದೆಯಲ್ಲಿ ಒಂದು ಹುಲ್ಲು ಬಿಡುತ್ತದೆ, ಇನ್ನೊಂದು ಮಣ್ಣು ಕೆದರುತ್ತದೆ.

7. ಗದ್ದೆಯ ಪರೀಕ್ಷೆ: ನಿಮ್ಮ ಟ್ರಾಕ್ಟರಿಗೇ ಕಟ್ಟಿ, ಹುಲ್ಲಿರುವ ನೆಲದಲ್ಲಿ ಕಾಲು ಗಂಟೆ ಓಡಿಸಿ. ಹಿಂದೆ ನಡೆದು ನೋಡಿ. ಇದಕ್ಕೆ ಒಪ್ಪದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಬನ್ನಿ.

8. ಕಾಗದಪತ್ರ: ಯಂತ್ರದ ಮೇಲೆ ಸಾಲ ಬಾಕಿ ಇದೆಯೇ, ಅದು ಸಹಾಯಧನದಲ್ಲಿ ಬಂದದ್ದೇ ಎಂದು ಕೇಳಿ. ಸಹಾಯಧನದ ಯಂತ್ರವನ್ನು ಇಂತಿಷ್ಟು ಕಾಲ ಮಾರಬಾರದೆಂಬ ಕರಾರು ಇರುವುದುಂಟು. ಹಣ ಕೊಟ್ಟದ್ದಕ್ಕೆ ಸಹಿ ಮಾಡಿದ ರಸೀದಿ ಪಡೆಯಿರಿ.

ಬಳಸುವ ಕ್ರಮ

ಹೊಸಬರು ಮಾಡುವ ಮೊದಲ ತಪ್ಪು, ಚಕ್ರವನ್ನು ನೆಲಕ್ಕೆ ಒತ್ತುವುದು. ಹೆಚ್ಚು ಒತ್ತಿದರೆ ಹೆಚ್ಚು ಹುಲ್ಲು ಬರುತ್ತದೆಂಬುದು ಭ್ರಮೆ. ಬರುವುದು ಮಣ್ಣು, ಕೂಳೆಯ ಬೇರು ಮತ್ತು ಕಲ್ಲು. ಮುರಿಯುವುದು ಹಲ್ಲು. ಹಲ್ಲಿನ ತುದಿ ನೆಲವನ್ನು ಸೋಕಿ ಚಕ್ರ ತಿರುಗಿದರೆ ಸಾಕು. ಮನೆಯಂಗಳ ಗುಡಿಸುವ ಪೊರಕೆಯನ್ನು ಯಾರೂ ನೆಲಕ್ಕೆ ಊರಿ ಹಿಡಿಯುವುದಿಲ್ಲ. ನಮ್ಮ ಬದುಗಳ ನಡುವಿನ ಗದ್ದೆಗಳಲ್ಲಿ ಗಂಟೆಗೆ 6ರಿಂದ 8 ಕಿಲೋಮೀಟರ್ ವೇಗ ಮೀರದಿರುವುದು ಒಳ್ಳೆಯದು. ಬದು ಬಂದಾಗ ಎತ್ತಿ ತಿರುಗಿಸಿ, ಇಳಿಸಿಕೊಂಡೇ ತಿರುಗಿಸಬೇಡಿ. ಕಾಲು ಹೂತುಹೋಗುವಷ್ಟು ಹಸಿಯಿರುವ ಗದ್ದೆಗೆ ಇಳಿಸಲೇಬೇಡಿ.

ಭತ್ತದ ಹುಲ್ಲಿಗೆ ಬೆಳಗಿನ ಇಬ್ಬನಿ ಆರಿದ ಮೇಲೆ ಕೆಲಸ ಆರಂಭಿಸಿ. ಒಂದು ಹಿಡಿ ಹುಲ್ಲನ್ನು ತೆಗೆದುಕೊಂಡು ಹಿಂಡಿ ತಿರುಚಿ. ಚಟಚಟ ಮುರಿದರೆ ಪೆಂಡಿಗೆ ಸಿದ್ಧ, ಮೆತ್ತಗೆ ಬಳುಕಿದರೆ ಇನ್ನೊಂದು ದಿನ ಬೇಕು. ಹಸಿಯಿದ್ದ ಹುಲ್ಲು ಪೆಂಡಿಯಲ್ಲಿ ಕಾವೇರಿ ಬೂಷ್ಟು ಹಿಡಿಯುತ್ತದೆ, ಒಟ್ಟಿದ ರಾಶಿಗೆ ತಾನಾಗಿಯೇ ಬೆಂಕಿ ಹತ್ತುವುದೂ ಉಂಟು. ಪೆಂಡಿ ಕಟ್ಟಿದ ಎರಡು ಮೂರು ದಿನಕ್ಕೆ ಒಂದು ಕಬ್ಬಿಣದ ಸರಳನ್ನು ಒಳಗೆ ತೂರಿ ಸ್ವಲ್ಪ ಹೊತ್ತು ಬಿಟ್ಟು ಹೊರತೆಗೆದು ಮುಟ್ಟಿ ನೋಡಿ. ಬಿಸಿಯಿದ್ದರೆ ಪೆಂಡಿಗಳನ್ನು ಬಿಡಿಬಿಡಿಯಾಗಿ ಹರಡಿ. ಕುದುರೆಮಸಾಲೆ ಸೊಪ್ಪಿನಂತಹ ದ್ವಿದಳ ಮೇವಿಗೆ ಮಾತ್ರ ಈ ಕ್ರಮ ತಿರುಗುಮುರುಗು. ಅದನ್ನು ಇಬ್ಬನಿಯ ತೇವ ಇರುವಾಗಲೇ ಗುಡಿಸಬೇಕು. ಬಿಸಿಲೇರಿದ ಮೇಲೆ ಗುಡಿಸಿದರೆ ಎಲೆ ಉದುರಿ ಕಡ್ಡಿ ಮಾತ್ರ ಉಳಿಯುತ್ತದೆ. ಮೇವಿನ ಸತ್ವವೆಲ್ಲ ಎಲೆಯಲ್ಲಿದೆ.

ಇನ್ನು ಈ ಲೇಖನದ ಮುಖ್ಯ ಮಾತು. ಗದ್ದೆಗೆ ಇಳಿಯುವ ಮೊದಲು ಹಲ್ಲು ಎಣಿಸಿ, ಗದ್ದೆಯಿಂದ ಏರಿದ ಮೇಲೆ ಮತ್ತೆ ಎಣಿಸಿ. ನಾಲ್ಕು ಚಕ್ರಕ್ಕೆ ಸುಮಾರು 160 ಹಲ್ಲು. ಎಣಿಸಲು ಐದು ನಿಮಿಷ ಸಾಕು. ಒಂದು ಕಡಿಮೆಯಾದರೂ ಪೆಂಡಿ ಯಂತ್ರವನ್ನು ನಿಲ್ಲಿಸಿ, ಸಾಲಿನಲ್ಲಿ ನಡೆದು ಹುಡುಕಿ. ಹುಡುಕುವುದು ಸುಲಭವಾಗಲೆಂದು ನಾನು ಹಲ್ಲುಗಳಿಗೆ ಹಳದಿ ಬಣ್ಣ ಬಳಿದಿದ್ದೇನೆ. ಹುಲ್ಲಿನಲ್ಲಿ ಹುಲ್ಲಿನ ಬಣ್ಣವೇ ಮರೆಯಾಗಿ ಒಮ್ಮೆ ಮೋಸಹೋದ ಮೇಲೆ ಕೆಂಪಿಗೆ ಬದಲಾಯಿಸಿದೆ. ಸಿಕ್ಕದ ಹಲ್ಲು ಪೆಂಡಿ ಯಂತ್ರವನ್ನು ಮುರಿಯಬಹುದು. ಅಲ್ಲಿ ತಪ್ಪಿಸಿಕೊಂಡರೆ ಮೇವು ಕತ್ತರಿಸುವ ಯಂತ್ರದ ಬ್ಲೇಡನ್ನು ಸಿಡಿಸಿ, ಹಿಡಿ ಹಾಕುವವರ ಕೈಗೆ ಮುಖಕ್ಕೆ ಅಪಾಯ ತರಬಹುದು. ಸಿಡಿದ ಚೂರು ಮೇವಿನೊಡನೆ ಗೋದಲಿಗೆ ಹೋಗುತ್ತದೆ.

ಯಾವ ಕಾರಣಕ್ಕೂ ರೇಕಿಗೆ ತಂತಿ ಕಟ್ಟಬೇಡಿ. ನಟ್ಟು ಬೋಲ್ಟಿನಿಂದ ಬಿಗಿಯಿರಿ, ಇಲ್ಲವೇ ಹಲ್ಲನ್ನು ಬಿಚ್ಚಿ ಖಾಲಿ ಬಿಡಿ. ಖಾಲಿ ಜಾಗ ಒಂದಿಷ್ಟು ಹುಲ್ಲು ಬಿಡುತ್ತದೆ, ಅಷ್ಟೆ. ಮೇವು ಕತ್ತರಿಸುವ ಯಂತ್ರಕ್ಕೆ ಹುಲ್ಲು ಹಾಕುವ ದೋಣಿಯಲ್ಲಿ ಕೆಟ್ಟ ಧ್ವನಿವರ್ಧಕದ ಅಯಸ್ಕಾಂತವೊಂದನ್ನು ಭದ್ರವಾಗಿ ಕೂರಿಸಿ ದಿನವೂ ಒರೆಸಿ ನೋಡಿ. ದನದ ಹೊಟ್ಟೆಯಲ್ಲೇ ಇರಿಸುವ ಅಯಸ್ಕಾಂತಗಳೂ ಇವೆ. ಅವುಗಳ ವಿಚಾರವಾಗಿ ನಿಮ್ಮ ಪಶುವೈದ್ಯರನ್ನು ಕೇಳಿರಿ.

ಸುರಕ್ಷತೆಯ ಮಾತನ್ನೂ ಮರೆಯಬಾರದು. ಎತ್ತಿ ನಿಲ್ಲಿಸಿದ ರೇಕಿನ ಕೆಳಗೆ ಕೈಹಾಕಬೇಡಿ, ಮೊದಲು ನೆಲಕ್ಕೆ ಇಳಿಸಿ. ರೋಟರಿ ರೇಕಾದರೆ ಶಾಫ್ಟಿನ ಮೇಲಿನ ಮುಚ್ಚಳವಿಲ್ಲದೆ ಓಡಿಸಬೇಡಿ. ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಪಂಚೆಯ ತುದಿಯೋ ಸೆರಗೋ ಸಿಕ್ಕಿದರೆ ಬಿಡಿಸಿಕೊಳ್ಳಲು ಕಾಲವಿರುವುದಿಲ್ಲ. ರಸ್ತೆಯಲ್ಲಿ ಒಯ್ಯುವಾಗ ತೋಳುಗಳನ್ನು ಮಡಚಿ, ಹಿಂದೆ ಕೆಂಪು ಬಟ್ಟೆ ಕಟ್ಟಿ, ಕತ್ತಲಾಗುವ ಮುನ್ನ ಮನೆ ಸೇರಿ.

ಲೆಕ್ಕ ಹಾಕಿ ನೋಡಿ

ರೇಕಿಗೆ ವರ್ಷದಲ್ಲಿ ಕೆಲಸ ಇರುವುದು ಎರಡು ಕೊಯಿಲು ಸೇರಿ ಕೆಲವೇ ದಿನ. ಸಾಲದ ಬಡ್ಡಿ ಓಡುವುದು ಮಾತ್ರ 365 ದಿನ. ಮಾದರಿಗಾಗಿ ಒಂದು ಲೆಕ್ಕ ಕೊಡುತ್ತೇನೆ. ಅಂಕಿಗಳು ಕಲ್ಪಿತ, ನಿಮ್ಮ ಊರಿನ ಬೆಲೆ ಹಾಕಿಕೊಂಡು ನೋಡಿ. ಹಳೆಯ ರೇಕಿಗೆ 36,000 ರೂಪಾಯಿ ಕೊಟ್ಟು, ನಾಲ್ಕು ವರ್ಷ ಬಳಸಿ 12,000 ರೂಪಾಯಿಗೆ ಮಾರಿದಿರಿ ಎನ್ನೋಣ. ವರ್ಷಕ್ಕೆ ಸವಕಳಿ 6,000 ರೂಪಾಯಿ. ಒಬ್ಬರೇ ಹತ್ತು ಎಕರೆಗೆ ಎರಡು ಬೆಳೆ ಬಳಸಿದರೆ 20 ಎಕರೆ ಕೆಲಸ. ದುರಸ್ತಿಗೆ 3,000 ಸೇರಿಸಿದರೆ ಎಕರೆಗೆ 450 ರೂಪಾಯಿ ಬೀಳುತ್ತದೆ. ನಾಲ್ಕು ಮನೆಯವರು ಕೂಡಿ 80 ಎಕರೆ ಕೆಲಸ ಮಾಡಿದರೆ, ದುರಸ್ತಿಗೆ 6,000 ಹಿಡಿದರೂ ಎಕರೆಗೆ 150 ರೂಪಾಯಿ. ಡೀಸೆಲ್ ಮತ್ತು ಚಾಲಕನ ಖರ್ಚು ಎರಡಕ್ಕೂ ಬೇರೆ.

ಆದ್ದರಿಂದ ಕೂಡಿ ಕೊಳ್ಳಿ. ಆದರೆ ‘ನಾಲ್ವರ ಎತ್ತು ಬಡವಾಯಿತು’ ಎಂಬಂತೆ ಆಗಬಾರದು. ಒಬ್ಬರು ಮೇಲ್ವಿಚಾರಕರಾಗಿರಲಿ. ಒಂದು ಪುಸ್ತಕ ಇಡಿ. ಯಾವ ದಿನ, ಯಾರ ಗದ್ದೆ, ಇಳಿಯುವಾಗ ಎಷ್ಟು ಹಲ್ಲು, ಏರುವಾಗ ಎಷ್ಟು ಹಲ್ಲು ಎಂದು ಬರೆಯಿರಿ. ಎಕರೆಗೆ ಇಂತಿಷ್ಟೆಂದು ಹಲ್ಲಿನ ಖರ್ಚಿಗೇ ಒಂದು ಡಬ್ಬಿಯಲ್ಲಿ ಹಾಕುತ್ತಾ ಬನ್ನಿ. ಹಲ್ಲು ಮುರಿದ ದಿನ ಹಣ ಕೈಯಲ್ಲಿರಬೇಕು. ಇಲ್ಲದಿದ್ದರೆ ಮತ್ತೆ ತಂತಿಯೇ ಗತಿ.

ಎರಡು ಆಕ್ಷೇಪಣೆಗಳು

‘ಸಹಾಯಧನದಲ್ಲಿ ಹೊಸದು ಸಿಕ್ಕುವಾಗ ಹಳೆಯದೇಕೆ?’ ಎಂದು ಕೇಳುವವರಿದ್ದಾರೆ. ನಿಜ, ಸಹಾಯಧನ ಹೊಸ ಯಂತ್ರಕ್ಕೆ ಮಾತ್ರ. ನೀವು ಸಂಘ ಕಟ್ಟಿಕೊಂಡು ನೂರಾರು ಎಕರೆ ಕೆಲಸ ಮಾಡುವವರಾದರೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಹೊಸದನ್ನೇ ಪಡೆಯಿರಿ. ಅದಕ್ಕೆ ನನ್ನ ವಿರೋಧವಿಲ್ಲ. ಹತ್ತು ಎಕರೆಯೊಳಗಿನ ಒಂಟಿ ರೈತ ಬಾಡಿಗೆಗೆ ಪಡೆಯುವುದೇ ಸರಿ. ಇವೆರಡರ ನಡುವೆ ಇರುವ, ಸಾಲಕ್ಕೆ ಅಂಜುವ, ಕೈಯಲ್ಲಿ ಪಾನಾ ಹಿಡಿಯಲು ಬಲ್ಲ ನಾಲ್ಕಾರು ಮನೆಯವರಿಗೆ ಹಳೆಯದು ತಕ್ಕದ್ದು ಎಂಬುದಷ್ಟೇ ನನ್ನ ವಾದ.

‘ಹುಲ್ಲನ್ನೆಲ್ಲ ಗುಡಿಸಿ ಮಾರಿದರೆ ಮಣ್ಣಿಗೇನು ಉಳಿಯಿತು?’ ಎಂಬುದು ಎರಡನೆಯ ಆಕ್ಷೇಪಣೆ. ಇದು ತೂಕದ ಮಾತು. ಪೆಂಡಿ ಮಾರಿದರೂ ಮೇಲೆ ಹೇಳಿದ ಪೊಟ್ಯಾಷ್ ಗದ್ದೆ ಬಿಟ್ಟು ಹೋಗುತ್ತದೆ. ಅದಕ್ಕಾಗಿ ಕೂಳೆಯನ್ನು ಉಳುಮೆಯಲ್ಲಿ ಮಣ್ಣಿಗೆ ಸೇರಿಸಿ, ಎಲ್ಲವನ್ನೂ ಮಾರದೆ ಮನೆಯ ದನಕ್ಕೆ ಉಳಿಸಿ, ಕೊಟ್ಟಿಗೆ ಗೊಬ್ಬರವನ್ನು ಅದೇ ಗದ್ದೆಗೆ ಹಿಂದಿರುಗಿಸಿ. ಗದ್ದೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗದ್ದೆಗೆ ಹೋಗಿಬರುವ ಈ ದಾರಿಯಲ್ಲಿ ರೇಕ್ ಒಂದು ಸಣ್ಣ ಕೊಂಡಿ.

ಕೊನೆಯ ಮಾತು

ಅಕ್ಕನಿಗೆ ನಾನು ಒಂದು ಕಡಸು ಕೊಟ್ಟೆ. ಸತ್ತ ಹಸುವಿಗೆ ಅದು ಸಮವಾಗಲಿಲ್ಲವೆಂದು ನನಗೆ ಗೊತ್ತು. ಈಗಲೂ ಅವರು ನನ್ನಿಂದಲೇ ಹುಲ್ಲು ಕೊಳ್ಳುತ್ತಾರೆ. ಆದರೆ ಪೆಂಡಿ ಬಿಚ್ಚಿದಾಗಲೆಲ್ಲ ಗೋದಲಿಗೆ ಹಾಕುವ ಮುನ್ನ ಕೈಯಿಂದ ಕೊಡವಿ ಕೊಡವಿ ನೋಡುತ್ತಾರೆ. ಅದನ್ನು ಕಂಡಾಗಲೆಲ್ಲ ನಾನು ಮನೆಗೆ ಬಂದು ರೇಕಿನ ಹಲ್ಲು ಇನ್ನೊಮ್ಮೆ ಎಣಿಸುತ್ತೇನೆ.

ಹಳೆಯ ಯಂತ್ರವನ್ನು ಕೊಳ್ಳಿರಿ, ದುಡಿಸಿರಿ, ಹುಲ್ಲನ್ನು ಬೆಂಕಿಯಿಂದ ಉಳಿಸಿರಿ. ಆದರೆ ನಮ್ಮ ಗದ್ದೆಯಿಂದ ಹೋಗುವ ಪ್ರತಿಯೊಂದು ಪೆಂಡಿಯೂ ಯಾವುದೋ ಮೂಕ ಪ್ರಾಣಿಯ ಬಾಯಿಗೆ ಹೋಗುತ್ತದೆಂಬುದನ್ನು ಮರೆಯದಿರಿ. ಈ ಕೊಯಿಲಿಗೆ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮ ಅಥವಾ ನೀವು ಬಾಡಿಗೆಗೆ ತರುವ ರೇಕನ್ನು ಪರೀಕ್ಷಿಸಿ, ತಂತಿಗಳಿದ್ದರೆ ಕಿತ್ತೊಗೆಯಬೇಕೆಂದು ರೈತ ಬಾಂಧವರಲ್ಲಿ ನನ್ನ ವಿನಂತಿ.